ಬಾಗಿಲ ಹೊರಗಿನ ಬಕೆಟ್ಟು

ಎಣ್ಣೆಯ ಬಟ್ಟಲು ಮನೀಶನ ಎಡಗೈಯಲ್ಲಿತ್ತು. ಬಲಗೈ ಮಾತ್ರ ಮುಂದೆ ಹೋಗಲಿಲ್ಲ.

"ಎಂತ ನೋಡ್ತಾ ನಿಂತದ್ದು? ನೆತ್ತಿಗೆ ಹಚ್ಚು," ಎಂದರು ದೇವದಾಸ ಮಾವ. ನೌಪಾಡಾದ ತಮ್ಮ ಹೋಟೆಲಿಗೆ ಬಾಗಿಲು ಹಾಕಿಸಿ ಬೆಳಿಗ್ಗೆಯೇ ಬಂದವರು. "ಹನ್ನೊಂದು ಗಂಟೆಗೆ ಸ್ಮಶಾನದಲ್ಲಿ ನಮ್ಮ ನಂಬರು. ತಪ್ಪಿದ್ರೆ ಮತ್ತೆ ಎರಡಕ್ಕೇ. ಈ ಊರಿನಲ್ಲಿ ಸತ್ತ ಮೇಲೂ ಲೈನು ತಪ್ಪುದಿಲ್ಲ ಮಾರಾಯ."

ಯಾರೋ ನಕ್ಕರು. ನಕ್ಕದ್ದಕ್ಕೆ ತಾವೇ ನಾಚಿ ಕೆಮ್ಮಿದರು.

ಡೊಂಬಿವಲಿಯ ಆ ಸೊಸೈಟಿಯ ಪಾರ್ಕಿಂಗಿನಲ್ಲಿ ಎರಡು ಸ್ಕೂಟರುಗಳನ್ನು ಸರಿಸಿ ಬೆಂಚು ಹಾಕಿದ್ದರು. ಅದರ ಮೇಲೆ ಹರಿಶ್ಚಂದ್ರ ಮಲಗಿದ್ದರು. ಮೂವತ್ತನಾಲ್ಕು ವರ್ಷ ರೈಲ್ವೆ ಪೊಲೀಸಿನಲ್ಲಿದ್ದು, ಹವಾಲ್ದಾರರಾಗಿ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ನಿನ್ನೆ ಸಂಜೆ ಚಹಾದ ಲೋಟ ಕೆಳಗಿಡುವ ಮೊದಲೇ ಹೋಗಿಬಿಟ್ಟಿದ್ದರು. ಸುದ್ದಿ ಸಿಕ್ಕಿದ್ದೇ ಕೋಪರಖೈರಣೆಯ ತನ್ನ ಮನೆಯಿಂದ ಮನೀಶ್ ಹೊರಟಿದ್ದ. ಮಗ ಬಂದಿದ್ದ, ನೋಡಿದ್ದ, ಮುಟ್ಟಿರಲಿಲ್ಲ.

"ನೀವೇ ಹಚ್ಚಿ ಮಾವ," ಎಂದ ಮನೀಶ್. "ನಾನು ಮುಟ್ಟಿದ್ರೆ ಅವರಿಗೆ ಆಗ್ತಿರಲಿಲ್ಲ."

ಗೋಡೆಯ ಪಕ್ಕ ಕುಳಿತಿದ್ದ ತಾಯಿ ಸುಂದರಿ ತಲೆಯೆತ್ತಿ ಮಗನನ್ನು ನೋಡಿದಳು.

*

ಹಿಂದೆ ಅವರಿದ್ದದ್ದು ಚಾಳಿನ ಒಂದು ಕೋಣೆಯಲ್ಲಿ. ಬಾಗಿಲ ಹೊರಗೆ, ಗ್ಯಾಲರಿಯಲ್ಲಿ, ಒಂದು ನೀಲಿ ಬಕೆಟ್ಟು. ಗಂಡ ಬರುವ ಹೊತ್ತಿಗೆ ಸುಂದರಿ ಅದನ್ನು ತುಂಬಿಸಿಡುತ್ತಿದ್ದಳು.

ರೈಲಿನಿಂದ ಬಿದ್ದವರನ್ನು ಹಳಿಯಿಂದ ಎತ್ತಿಸುವುದು, ಪಂಚನಾಮೆ ಬರೆಯುವುದು, ಮನೆಯವರಿಗೆ ಫೋನು ಮಾಡುವುದು ಹರಿಶ್ಚಂದ್ರರ ಕೆಲಸ. ಸಾವಿನ ಮನೆಯಿಂದ ಬಂದವರು ಮಿಂದು ಒಳಗೆ ಬರಬೇಕೆಂಬ ಊರಿನ ಕ್ರಮ ಅವರಿಗೆ ದಿನನಿತ್ಯದ್ದಾಗಿತ್ತು. ಅವರು ಬಾಗಿಲಲ್ಲೇ ನಿಂತು ತಲೆಗೆ ನೀರು ಸುರಿದುಕೊಂಡು, ಯಾರನ್ನೂ ತಾಗದೆ ನೇರ ಕೋಣೆಯ ಮೂಲೆಯ ಬಚ್ಚಲು ಮೋರಿಗೆ ಹೋಗುತ್ತಿದ್ದರು. ಹೊರಗೆ ಬಂದಾಗ ಸೋಪಿನ ವಾಸನೆ. ಅಷ್ಟರಲ್ಲಿ ಮಗು ಬೇರೆ ಆಟಕ್ಕೆ ಹೋಗಿರುತ್ತಿತ್ತು.

ಎರಡು ಸಾವಿರದ ಮೂರರ ಜೂನ್. ಹತ್ತನೆಯ ತರಗತಿಯ ಮಾರ್ಕ್‌ಶೀಟು ಕೊಟ್ಟ ದಿನ. ಮನೀಶನಿಗೆ ಎಂಬತ್ತೆರಡು ಪರ್ಸೆಂಟ್. ಇವತ್ತೊಂದು ದಿನ ಬಕೆಟ್ಟಿನ ನಿಯಮ ಇರಲಾರದು ಎಂದುಕೊಂಡು ಅವನು ಚಾಳಿನ ಮೆಟ್ಟಿಲಲ್ಲೇ ಕಾದಿದ್ದ. ಅಪ್ಪ ಕಂಡದ್ದೇ ಓಡಿ, ಕಾಲು ಮುಟ್ಟಲು ಬಗ್ಗಿದ.

ಹರಿಶ್ಚಂದ್ರ ಎರಡು ಹೆಜ್ಜೆ ಹಿಂದೆ ಸರಿದರು. ಕೈ ಮೇಲೆದ್ದಿತು.

"ಮುಟ್ಟಬೇಡ! ಆಚೆ ಹೋಗು!"

ಗ್ಯಾಲರಿಯ ತುಂಬ ಜನ ಇದ್ದರು. ಪಕ್ಕದ ಕೋಣೆಯ ಬಾಗಿ ಅಕ್ಕ, "ಹವಾಲ್ದಾರ್ರು ಮಗನನ್ನೂ ಪ್ಲಾಟ್‌ಫಾರ್ಮಿನಿಂದ ಓಡಿಸಿದ ಹಾಗೆ ಓಡಿಸ್ತಾರಲ್ಲ!" ಎಂದಳು. ಎಲ್ಲರೂ ನಕ್ಕರು.

ಅದನ್ನಾದರೂ ಮರೆಯಬಹುದಿತ್ತು. ಆದರೆ ಸ್ನಾನವಾದ ಮೇಲೂ ಅಪ್ಪ ಎಷ್ಟು ಮಾರ್ಕು ಎಂದು ಕೇಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮಾರನೆಯ ದಿನವೂ ಕೇಳಲಿಲ್ಲ. ಮನೀಶ್ ಆ ಹಾಳೆಯನ್ನು ಫೈಲಿನಲ್ಲಿಟ್ಟ. ತೋರಿಸಲಿಲ್ಲ.

*

"ಸರೀರಿ," ಎಂದು ಒಬ್ಬ ಮುದುಕ ಜನರ ನಡುವಿನಿಂದ ಮುಂದೆ ಬಂದ. ಜತ್ತ ಊರಿನ ಸಿದ್ರಾಮ; ಹರಿಶ್ಚಂದ್ರರ ಕೈಕೆಳಗೆ ಹದಿನಾರು ವರ್ಷ ಕಾನ್‌ಸ್ಟೇಬಲ್ ಆಗಿದ್ದವನು. ಅಂಗಿಯ ಕಿಸೆಯಿಂದ ಕಪ್ಪು ಬಾಚಣಿಗೆಯೊಂದನ್ನು ತೆಗೆದ. ಎರಡು ಹಲ್ಲು ಮುರಿದಿದ್ದವು.

"ತಮ್ಮಾ, ಇದು ಸಾಹೇಬ್ರದು. ರಿಟೈರ್ ಆದ ದಿನ ನನಗ ಕೊಟ್ರು. ಹೆಣ ಸಿಕ್ಕರ ಮೊದ್ಲ ಬಾಟ್ಲಿ ನೀರಿಲೆ ಮಾರಿ ತೊಳೀತಿದ್ರು, ಆಮ್ಯಾಲೆ ತಲಿ ಬಾಚ್ತಿದ್ರು. ಮನಿಯವರು ನೋಡೂದು ಅದರ ನಂತರ. 'ಕಡೀ ಸಲ ನೋಡ್ತಾರ ಸಿದ್ರಾಮ, ನಮ್ಮವನ ಅಂತ ಗುರ್ತು ಸಿಗಬೇಕು' ಅಂತಿದ್ರು."

"ನಮಗೆ ಹೇಳ್ಲೇ ಇಲ್ಲ," ಎಂದಳು ಸುಂದರಿ.

"ಮನ್ಯಾಗ ಹ್ಯಾಂಗ ಹೇಳ್ತಾರವ್ವಾ?" ಸಿದ್ರಾಮ ಮನೀಶನ ಕಡೆ ತಿರುಗಿದ. "ನೀ ಹತ್ತನೇತಿ ಪಾಸಾದ ದಿನ ನೆನಪೈತೇನು? ಅವತ್ತ ಮುಂಬ್ರಾ ಠೇಷನ್ ಹತ್ರ ಒಬ್ಬ ಹುಡುಗ ರೈಲಿನಿಂದ ಬಿದ್ದ. ನಿನ್ನ ವಾರಿಗೀಯಂವಾ, ನಿನ್ನಷ್ಟ ವಯಸ್ಸು. ಕಿಸೇದಾಗ ಮಾರ್ಕ್‌ಶೀಟು. ಸಾಲೀಗೆ ಕೇಳಿ ಅವರಪ್ಪನ ನಂಬರ್ ತಗೊಂಡ್ರು. ಫೋನಿನಾಗ ಸತ್ತಾನ ಅಂತ ಎಂದೂ ಅಂದವರಲ್ಲ ಸಾಹೇಬ್ರು. ಅವತ್ತ ಏನ ಹೇಳಬೇಕು ತಿಳೀಲಿಲ್ಲ. ಆ ಕಾಗದ ಕೈಯಾಗಿತ್ತು. 'ನಿಮ್ಮ ಹುಡುಗ ಪಾಸಾಗ್ಯಾನ, ಠೇಷನ್ನಿಗೆ ಬರ್ರಿ' ಅಂದುಬಿಟ್ರು."

ದೇವದಾಸ ಗಡಿಯಾರ ನೋಡುವುದನ್ನು ಬಿಟ್ಟರು.

"ಆ ಮನಷ್ಯಾ ಪೇಢೆ ಡಬ್ಬಿ ಹಿಡಕೊಂಡು ಬಂದ ತಮ್ಮಾ. ಸಾಹೇಬ್ರ ಕೈಯಾಗ ಒಂದು ಪೇಢೆ ಇಟ್ಟ. 'ಎಲ್ಲಿದ್ದಾನ ನನ್ನ ಮಗ' ಅಂದ. ಅದೇ ಕೈಯಿಲೆ ಹುಡುಗನ ತಲಿ ಬಾಚಿದ್ರು, ಅದೇ ಕೈಯಾಗ ಪೇಢೆ. ಮನಿ ಮುಟ್ಟೂತನಕ ಅವರು ಒಂದು ಮಾತಾಡ್ಲಿಲ್ಲ."

ಪಾರ್ಕಿಂಗಿನ ಆಚೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು. ಅದು ಮೂರನೆಯ ಸಲಕ್ಕೆ ಸ್ಟಾರ್ಟಾಗಿ ಹೊರಟುಹೋಯಿತು.

ಮನೀಶ್ ಬೆರಳುಗಳನ್ನು ಎಣ್ಣೆಯಲ್ಲಿ ಅದ್ದಿದ. ಅಪ್ಪನ ಕೂದಲು ಇಷ್ಟು ಮೆತ್ತಗಿರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಮೂರು ಸಲ ಹಚ್ಚುವುದು ಕ್ರಮ; ಸಾಕೆಂದು ಮಾವ ಹೇಳಲಿಲ್ಲ, ಅವನೂ ಎಣಿಸಲಿಲ್ಲ. ತನ್ನ ಮದುವೆಯ ದಿನ ನೆನಪಾಯಿತು. ಅಪ್ಪ ಹೊಸ ಪಂಚೆಯುಟ್ಟು, ಚಪ್ಪಲಿ ಕಳಚಿ, ಕಾಲು ಒಂದಿಷ್ಟು ಮುಂದಿಟ್ಟು ನಿಂತಿದ್ದರು. ಅವನು ದೂರದಿಂದಲೇ ಕೈಮುಗಿದು ಮುಂದೆ ಹೋಗಿದ್ದ. ಹಿಂದಿರುಗಿ ನೋಡಿದಾಗ ಅಪ್ಪ ಚಪ್ಪಲಿ ಹುಡುಕುತ್ತಿದ್ದರು.

ನೀರು ಹೊಯ್ದು, ಒರೆಸಿ, ಬಿಳಿ ಬಟ್ಟೆ ಹೊದಿಸಿದರು. ಸಿದ್ರಾಮ ಬಾಚಣಿಗೆಯನ್ನು ಮನೀಶನ ಕೈಗೆ ಕೊಟ್ಟ. ಮನೀಶ್ ಅದನ್ನು ಹಿಡಿದು ನಿಂತ.

"ಅಮ್ಮಾ, ಅಪ್ಪ ಬೈತಲೆ ಯಾವ ಕಡೆ ತೆಗೀತಿದ್ರು?"

ಸುಂದರಿ ಗೋಡೆ ಹಿಡಿದು ಎದ್ದು ಹತ್ತಿರ ಬಂದಳು. "ಎಡಕ್ಕೆ," ಎಂದಳು. "ನಿನ್ನ ಹಾಗೇ."

*

ಸ್ಮಶಾನದಿಂದ ಮರಳುವಾಗ ಒಂದೂವರೆ. ಸೊಸೈಟಿಯ ಗೇಟಿನ ಒಳಗೆ ಸುಂದರಿ ಬಕೆಟ್ಟು ತುಂಬಿಸಿಟ್ಟಿದ್ದಳು. ಈ ಬಕೆಟ್ಟು ಹೊಸದು, ಕೆಂಪು. ಮನೀಶ್ ಚಪ್ಪಲಿ ಬಿಟ್ಟು ಬಗ್ಗಿ ತಂಬಿಗೆ ಎತ್ತಿದ. ಬೂದಿಯ ವಾಸನೆ ಅಂಗಿಗೆ ಹತ್ತಿತ್ತು.

ಆಗ ಅವನ ಐದು ವರ್ಷದ ಮಗಳು ದಿಶಾ ಅಮ್ಮನ ಕೈ ಬಿಡಿಸಿಕೊಂಡು ಮೆಟ್ಟಿಲಿಳಿದು ಓಡಿ ಬಂದಳು. ಕೈಯಲ್ಲಿ ಅಜ್ಜನಿಗೆಂದು ಬರೆದ ಡ್ರಾಯಿಂಗ್ ಹಾಳೆ.

"ಪಪ್ಪಾ! ದೇಖೋ ನಾ, ಅಜ್ಜಕೇ ಲಿಯೇ ಬನಾಯಾ!"

ಮನೀಶ್ ಎರಡು ಹೆಜ್ಜೆ ಹಿಂದೆ ಸರಿದ. ತಂಬಿಗೆಯಿದ್ದ ಕೈ ತಾನಾಗಿ ಮೇಲೆದ್ದಿತು.

"ಮುಟ್ಟಬೇಡ!"

ದಿಶಾ ಅಲ್ಲೇ ನಿಂತಳು. ಹಾಳೆ ಮೆಲ್ಲಗೆ ಕೆಳಗಿಳಿಯಿತು. ಅವಳು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಎತ್ತಿದ ತನ್ನ ಕೈಯನ್ನು ಮನೀಶ್ ನೋಡಿದ. ತಂಬಿಗೆಯನ್ನು ನೆಲಕ್ಕಿಟ್ಟು, ಬಕೆಟ್ಟಿನ ಈಚೆಗೆ, ಅವಳಷ್ಟೇ ಎತ್ತರವಾಗುವಂತೆ ಕುಕ್ಕರಗಾಲಲ್ಲಿ ಕುಳಿತ.

"ಅಲ್ಲಿಂದಲೇ ತೋರಿಸು ಮಗಾ."

ಅವಳು ಸ್ವಲ್ಪ ಹೊತ್ತು ಅನುಮಾನಿಸಿದಳು. ಆಮೇಲೆ ಎರಡೂ ಕೈಯಲ್ಲಿ ಹಾಳೆಯನ್ನು ಮುಖದ ಮುಂದೆ ಎತ್ತಿ ಹಿಡಿದಳು. ನೇರಳೆ ಬಣ್ಣದ ಒಂದು ರೈಲು. ಉದ್ದಕ್ಕೂ ಕಿಟಕಿ, ಒಂದೊಂದು ಕಿಟಕಿಯಲ್ಲೂ ಒಂದೊಂದು ಮುಖ. ಬಾಗಿಲು ಬರೆಯಲು ಮರೆತಿದ್ದಳು.

"ಹೋ ಗಯಾ?" ನೋಡಿ ಆಯಿತೇ ಎಂದು ಹಾಳೆಯ ಹಿಂದಿನಿಂದ ಕೇಳಿದಳು.

"ಇಲ್ಲ," ಎಂದ ಮನೀಶ್. "ಇನ್ನೂ ಸ್ವಲ್ಪ ಹೊತ್ತು ಹಿಡಿ."