ಕಾರ್ಬೇಟರಿಗೆ ಎಣ್ಣೆನೀರು

ಹನಗೋಡಿನಲ್ಲಿ ಗಾಡಿ ಕಿರುಗುಟ್ಟಿದರೆ ಅಚ್ಚಿಗೆ ಹರಳೆಣ್ಣೆ, ಮಗು ಕಿರುಗುಟ್ಟಿದರೆ ಹೊಟ್ಟೆಗೆ ಹರಳೆಣ್ಣೆ. ಈ ಎರಡು ಸೂತ್ರಗಳ ಮೇಲೆ ಊರು ಸುಖವಾಗಿ ನಡೆದುಬಂದಿತ್ತು. ಮೂರನೆಯದೊಂದು ಬೇಕೆಂದು ಕೆಂಪಯ್ಯನಿಗೆ ಎಂದೂ ಅನಿಸಿರಲಿಲ್ಲ. ಹಾಗಾಗಿ ತಮ್ಮ ಮಾದೇವ ತೀರಿಕೊಂಡ ಮೇಲೆ, ಅವನು ಹೊಳೆದಂಡೆಯಲ್ಲಿ ಕೂರಿಸಿದ್ದ ಪಂಪಿನ ಎಂಜಿನ್ ತುಕ್ಕು ಹಿಡಿಯದಿರಲೆಂದು, ಕಣ್ಣಿಗೆ ಕಂಡ ತೂತಿಗೆಲ್ಲ ಪ್ರೀತಿಯಿಂದ ಹರಳೆಣ್ಣೆ ಸುರಿದು, ಗೋಣಿತಾಟು ಹೊದಿಸಿ, ಊದುಬತ್ತಿ ಹಚ್ಚಿ ಬಂದಿದ್ದ.

ಬೇಸಿಗೆ ಬಂತು. ಮಾದೇವನ ಹೆಂಡತಿ ಪುಟ್ಟಲಕ್ಷ್ಮಿ ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಯಿಸಲು ಹೋದಾಗ ಎಂಜಿನ್ ಉಸಿರೆತ್ತಲಿಲ್ಲ. ಹಿಡಿ ತಿರುಗಿಸಿ ತಿರುಗಿಸಿ ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತೇ ಹೊರತು ಅದರಿಂದ ಒಂದು ಕೆಮ್ಮೂ ಬರಲಿಲ್ಲ.

ಊರು ತೀರ್ಪು ಕೊಟ್ಟಿತು: ಯಜಮಾನನ ಜೊತೆಗೇ ಅದರ ಜೀವವೂ ಹೋಯಿತು. ಎತ್ತು ಹಾಗೆ ಸತ್ತದ್ದುಂಟು, ನಾಯಿ ಸತ್ತದ್ದುಂಟು. ಸೀಮೆಯಿಂದ ಬಂದ ಕಬ್ಬಿಣ ಇಷ್ಟು ಬೇಗ ನಮ್ಮ ನೀತಿ ಕಲಿತದ್ದನ್ನು ಕೆಲವರು ಮೆಚ್ಚಿಕೊಂಡರು.

“ನಾಳೀಕೆ ಹುಣಸೂರಿಂದ ಗುಜರಿ ಚಲುವಯ್ಯ ಬತ್ತಾನೆ. ಎಂಜಿನ್ ಒತ್ಕಂಡೋಗ್ತಾನೆ,” ಎಂದ ಕೆಂಪಯ್ಯ, ತಮ್ಮನ ಮನೆಯ ಪಡಸಾಲೆಯಲ್ಲಿ ಕೂತು.

ತಮ್ಮನ ಹೆಂಡತಿ ಭಾವನಿಗೆ ಎದುರಾಗಿ ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ಆಡಬೇಕಾದ್ದನ್ನು ಅತ್ತೆ ದೊಡ್ಡತಾಯಮ್ಮನಿಗೆ ಆಡುವುದು, ಭಾವ ಗೋಡೆ ನೋಡುತ್ತ ಕೇಳಿಸಿಕೊಳ್ಳುವುದು.

“ಅತ್ತೆ, ಎಂಜಿನ್ ಓದ್ರೆ ಸಸಿಗೆ ನೀರು ಯಾರು ಉಯ್ತಾರೆ ಅಂತ ಕೇಳಿ,” ಎಂದಳು ಪುಟ್ಟಲಕ್ಷ್ಮಿ ಬಾಗಿಲ ಮರೆಯಿಂದ.

“ಅವ್ವ, ಆ ಹೊಲಾನ ನನ್ನ ಹೊಲದ ಜೊತೇಲೇ ಉತ್ಕತೀನಿ ಅಂತ ಏಳು. ವರ್ಸದ ರಾಗಿ ಮನೆಗೇ ತಂದು ಆಕ್ತೀನಿ. ಅವಳಿಗೇನು ಕಮ್ಮಿ?”

ದೊಡ್ಡತಾಯಮ್ಮ ಎಲೆಯಡಿಕೆ ಉಗುಳಿದಳು. “ನಿಮ್ಮಿಬ್ರಿಗೂ ಕಿವಿ ನೆಟ್ಟಗವೆ. ಮಂದ ಆಗಿರೋದು ನಂಗೆ. ನೀವ್‌ನೀವೇ ಆಡ್ಕಳಿ.”

ಪುಟ್ಟಲಕ್ಷ್ಮಿ ಬಾಗಿಲು ದಾಟಿ ಈಚೆ ಬಂದಳು. ಎಂಜಿನ್ ಹೋದರೆ ಹೊಲ ಹೋಯಿತು. ಹೊಲ ಹೋದರೆ ತಾನು ರಾಗಿಗೆ ಕಾದು ಕೂರುವವಳು.

“ಭಾವ, ಅದು ಸತ್ತಿಲ್ಲ. ನಾನೇ ಬಿಚ್ಚಿ ನೋಡ್ತೀನಿ. ಸತ್ತದೆ ಅಂತ ನಾನು ಒಪ್ಪೋಗಂಟ ಯಾರೂ ಅದನ್ನ ಮುಟ್ಟಕೂಡ್ದು.”

ಮಾತಿಗಿಂತ ಅದು ನೇರವಾಗಿ ಬಂದದ್ದೇ ಕೆಂಪಯ್ಯನಿಗೆ ಹೆಚ್ಚು ತಾಗಿತು. “ಎಂಗ್ಸು ಎಂಜಿನ್ ಬಿಚ್ಚಿದ್ದ ಯಾರಾರಾ ಕಂಡಿದ್ದೀರಾ?” ಎಂದು ಗೋಡೆಯನ್ನೇ ಕೇಳಿದ.

“ಇವತ್ತು ಕಾಣ್ತೀರಿ.”

ಪೆಟ್ರೋಲೂ ಗಾಳಿಯೂ ಬೆರೆಯುವ ಎಂಜಿನ್ನಿನ ಗಂಟಲಿಗೆ ಮಾದೇವ ಕಾರ್ಬೇಟರ್ ಎನ್ನುತ್ತಿದ್ದ. ಅವನು ಅದನ್ನು ಬಿಚ್ಚುವಾಗಲೆಲ್ಲ ಬಿಡಿಭಾಗ ಹಾಕಲು ಮೊರ ಹಿಡಿದು ಎದುರು ಕೂರುತ್ತಿದ್ದವಳು ಅವಳೇ. ಯಾವುದರ ಹಿಂದೆ ಯಾವುದು ಬರುತ್ತದೆಂಬುದು ಗೊತ್ತಿತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ. ಯಾಕೆ ಎಂದು ಗೊತ್ತಿಲ್ಲದೆಯೇ ಸಂಸಾರ ಮಾಡಿದವಳಿಗೆ ಅದೊಂದು ಅಡ್ಡಿಯಾಗಿ ಕಾಣಲಿಲ್ಲ.

ಕಾರ್ಬೇಟರನ್ನು ಸೆರಗಿನಲ್ಲಿ ಕಟ್ಟಿ ಮನೆಗೆ ತಂದು ಹಿತ್ತಿಲಲ್ಲಿ ಬಿಚ್ಚಿದಳು. ಒಳಗೆಲ್ಲ ಹಲಸಿನ ಮೇಣದಂಥ ಅಂಟು. ತೇಲಬೇಕಾದ ಹಿತ್ತಾಳೆಯ ಗುಂಡು ಬೆಲ್ಲದ ಪಾಕಕ್ಕೆ ಬಿದ್ದ ನೊಣದಂತೆ ಅಲ್ಲೇ ಸಿಕ್ಕಿಕೊಂಡಿತ್ತು. ಯುದ್ಧದ ಕಾಲ, ಪೆಟ್ರೋಲು ಸಿಗುವುದೇ ಚೀಟಿಗೆ. ಆದರೂ ಮನಸ್ಸು ಗಟ್ಟಿ ಮಾಡಿ ಒಂದು ಬಟ್ಟಲು ಸುರಿದಳು. ಪೆಟ್ರೋಲು ಅಂಟಿನ ಮೇಲೆ ಜಾರಿ ಹೋಯಿತು. ಮೂಸಿ ನೋಡಿದಳು.

“ಅತ್ತೆ, ಇದು ಹರಳೆಣ್ಣೆ!”

“ಮತ್ತೆ? ನನ್ನ ಮಗ ತುಪ್ಪ ಸುರೀತಾನಾ?”

“ತಲೆಗೆ ಮೆತ್ತಿದ್ರೆ ಇದು ಯಾತಕ್ಕೆ ಬುಡ್ತದೆ?”

“ಸೀಗೇಕಾಯ್ಗೆ. ಇದನ್ನೂ ಕೇಳ್ತಾರಾ?”

ಸೀಗೇಪುಡಿ ಹಾಕಿ ಉಜ್ಜಿದಳು. ಅಂಟು ಒಂದಿಷ್ಟು ಬಿಟ್ಟಿತು. ಬಿಟ್ಟ ಜಾಗದಲ್ಲಿ ಪುಡಿ ಹೋಗಿ ಕೂತಿತು. ಮುದುಕಿ ಹೊಟ್ಟೆ ಹಿಡಿದು ನಕ್ಕಳು. ಪುಟ್ಟಲಕ್ಷ್ಮಿ ನಗಲೂ ಇಲ್ಲ, ಅಳಲೂ ಇಲ್ಲ. ಅಂಟುವಾಳದ ಕಾಯಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಬಚ್ಚಲಿಗೆ ಹೋಗಿ ಕೂತಳು. ಹಂಡೆಯ ಬಿಸಿನೀರು, ಅಂಟುವಾಳದ ನೊರೆ, ಮತ್ತೆ ಬಿಸಿನೀರು.

ಬೇಲಿಯಾಚೆಯಿಂದ ಕೆಂಪಯ್ಯನ ದನಿ ಬಂತು: “ಎಣ್ಣೆನೀರು ಆಯ್ತಾ ಅವ್ವ? ಸಾಂಬ್ರಾಣಿ ಹೊಗೆ ಆಕಿ ತೊಟ್ಲಿಗೆ ಮಲಗುಸ್ಬುಡಿ!”

“ತೊಟ್ಲು ನೀವೇ ತೂಗಿ ಭಾವ! ಎಣ್ಣೆ ಕುಡ್ಸಿದವರು ನೀವೇ ತಾನೆ?”

ಬೇಲಿಯಾಚೆಯ ಹೆಜ್ಜೆಸದ್ದು ಸರಸರ ದೂರವಾಯಿತು.

ಉಳಿದದ್ದು ಒಂದು ಸಣ್ಣ ಹಿತ್ತಾಳೆ ತಿರುಪು. ಅದರ ನಡುವಿನ ತೂತಿನಿಂದಲೇ ಪೆಟ್ರೋಲು ಚಿಮ್ಮಬೇಕು. ಸೂಜಿ ಚುಚ್ಚಿದರೆ ತೂತು ದೊಡ್ಡದಾಗಿ ಎಂಜಿನ್ ಕೆಡುತ್ತದೆಂದು ಮಾದೇವ ಗದರಿದ್ದು ನೆನಪಿತ್ತು. ಕೊಟ್ಟಿಗೆಗೆ ಹೋಗಿ ಎಮ್ಮೆಯ ಬಾಲದಿಂದ ಒಂದು ಕೂದಲು ಕಿತ್ತಳು. ಎಮ್ಮೆ ತನ್ನ ಅಭಿಪ್ರಾಯವನ್ನು ಕಾಲಿನಿಂದ ತಿಳಿಸಿತು. ಕುಂಟುತ್ತ ಬಂದು, ಕೂದಲು ತೂರಿಸಿ, ಎಳೆದು, ತಿರುಪನ್ನು ಬಿಸಿಲಿಗೆ ಹಿಡಿದಳು. ಸಾಸಿವೆಗಿಂತ ಸಣ್ಣದೊಂದು ಬೆಳಕು ಕಂಡಿತು.

ಬೆಳಿಗ್ಗೆ ಚಲುವಯ್ಯ ಗಾಡಿ ಕಟ್ಟಿಕೊಂಡು ಹೊಳೆದಂಡೆಗೆ ಬಂದಾಗ ಅರ್ಧ ಊರೇ ಅಲ್ಲಿತ್ತು. ಪುಟ್ಟಲಕ್ಷ್ಮಿ ಕಾರ್ಬೇಟರ್ ಕೂರಿಸಿ, ಪೆಟ್ರೋಲು ಬಿಟ್ಟು, ಸೆರಗು ಸಿಕ್ಕಿಸಿ, ಹಿಡಿ ತಿರುಗಿಸಿದಳು. ಏನೂ ಇಲ್ಲ. ಮತ್ತೆ ತಿರುಗಿಸಿದಾಗ ಹಿಡಿ ಹಿಂದಕ್ಕೆ ಒದ್ದು ಮೊಣಕೈಗೆ ಬಡಿಯಿತು.

“ಸಾಕು ಬುಡವ್ವ,” ಎಂದ ಕೆಂಪಯ್ಯ. ಈ ಸಲ ದನಿಯಲ್ಲಿ ನಿಜವಾದ ಕನಿಕರವಿತ್ತು, ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ. ಬೊಬ್ಬೆಯೆದ್ದ ಕೈಯಲ್ಲೇ ಹಿಡಿಯನ್ನು ಹಿಡಿದು, ಮೈಯೆಲ್ಲ ಹಾಕಿ ತಿರುಗಿಸಿದಳು.

ಹರಳೆಣ್ಣೆ ದೀಪ ಆರಿಸಿದಂಥ ಕಮಟು ವಾಸನೆಯ ಬಿಳಿ ಹೊಗೆ ಬಂತು. ಒಂದು ಕೆಮ್ಮು, ಒಂದು ಸೀನು, ಆಮೇಲೆ ದಡದಡ ಸದ್ದು. ಮುಂದೆ ನಿಂತವರು ಹಿಂದೆ ನಿಂತವರ ಕಾಲು ತುಳಿದರು. ಕೊಳವೆ ಮೊದಲು ಕೆಸರು ಕಕ್ಕಿ, ಆಮೇಲೆ ನೀರು ಕೊಟ್ಟಿತು.

“ನಾನು ಎಣ್ಣೆ ಉಯ್ದು ಮಡಗಿದ್ಕೇ ಉಳ್ಕಂಡದ್ದು,” ಎಂದು ಕೆಂಪಯ್ಯ ಸುತ್ತ ಇದ್ದವರಿಗೆ ವಿವರಿಸಿದ. ಎಂಜಿನ್ ಸದ್ದಿನಲ್ಲಿ ಅದು ಯಾರಿಗೂ ತಲುಪಲಿಲ್ಲ.

ಚಲುವಯ್ಯ ವ್ಯಾಪಾರಸ್ಥ, ಅವಳ ಹತ್ತಿರ ಬಾಗಿ ಕೂಗಿದ: “ಓಡೋ ಎಂಜಿನ್ನಿಗೆ ಬೆಲೆಯೇ ಬೇರೆ ತಾಯಿ! ಏನಂತೀರಿ?”

“ಕೇಳುಸ್ತಿಲ್ಲ ಕಣಣ್ಣ!” ಎಂದು ಅವಳೂ ಕೂಗಿ, ಗುದ್ದಲಿ ತೆಗೆದುಕೊಂಡು ಕಾಲುವೆಯ ಬದು ಕಡಿದಳು. ನೀರು ಮಡಿಯತ್ತ ಹರಿಯಿತು. ಸದ್ದಿನಿಂದ ದೂರ ಸರಿದಿದ್ದ ಕೆಂಪಯ್ಯ ಅಲ್ಲಿ ಸೊಂಟಕ್ಕೆ ಕೈಕೊಟ್ಟು, ಬಾಡಿದ ಸಸಿಗಳ ನಡುವೆಯೇ ನಿಂತಿದ್ದ.

“ಭಾವ, ನನ್ನ ಸಸಿ ತುಳೀತಾ ಇದ್ದೀರಿ. ಈಚೆ ಬನ್ನಿ.”

ಊರೆಲ್ಲ ನೋಡುತ್ತಿತ್ತು. ಕೆಂಪಯ್ಯ ಕೆಳಗೆ ನೋಡಿದ, ಪಂಚೆ ಎತ್ತಿಕಟ್ಟಿದ, ಈಚೆ ಬಂದ.