ಕುಂಚ ಸುತ್ತಿದ ಜಾಗ

ಹುಲ್ಲು ನೆಟ್ಟಗೆ ನಿಲ್ಲುತ್ತದೆ, ಗಾಳಿಗೆ ಬಾಗುತ್ತದೆ, ಒಣಗಿದರೆ ಮುರಿಯುತ್ತದೆ. ಆದರೆ ಹುಲ್ಲು ಎಂದೂ ಗುಂಡಗೆ ಸುತ್ತಿಕೊಂಡು ಮಲಗುವುದಿಲ್ಲ. ಏಳು ವರ್ಷಗಳಿಂದ ತಮ್ಮ ತೆಗೆದ ಕಾಡಿನ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಕೈಯಲ್ಲಿ ಬರೆದ ಬಣ್ಣದ ಚಿತ್ರಗಳಂತೆ ಮಾಡುತ್ತಾ ಬಂದಿದ್ದ ಅಕ್ಕನಿಗೆ ಅಷ್ಟಾದರೂ ಗೊತ್ತಿತ್ತು.

ಅವಳ ಕೆಲಸದ ಕೋಣೆ ಫ್ರೇಮ್ ಅಂಗಡಿಯ ಮಾಳಿಗೆಯ ಮೇಲಿತ್ತು. ಕೆಳಗೆ ಮರ ಕೊಯ್ಯುವ ಸದ್ದು, ಮೇಲೆ ಮೌಸಿನ ಟಿಕ್ ಟಿಕ್. ಅವಳು ಬಳಸುತ್ತಿದ್ದ ಕಂಪ್ಯೂಟರ್ ಕುಂಚಕ್ಕೆ ಒಂದು ಗುಣವಿತ್ತು. ಫೋಟೋದಲ್ಲಿರುವ ವಸ್ತುವಿನ ಗೆರೆ ಯಾವ ಕಡೆ ಓಡುತ್ತದೋ ಅದೂ ಆ ಕಡೆಗೇ ಬಣ್ಣ ಎಳೆಯುತ್ತಿತ್ತು. ನೀರಿನ ಮೇಲೆ ಅಡ್ಡಡ್ಡ, ಹುಲ್ಲಿನ ಮೇಲೆ ಉದ್ದುದ್ದ, ಪ್ರಾಣಿಯ ಮೈಮೇಲೆ ಕೂದಲು ಹೋದ ಹಾಗೆ.

ಅಂದು ಮಧ್ಯಾಹ್ನ ಮೂರು ಗಂಟೆಗೆ ಪರದೆಯ ಮೇಲೆ ಕೆರೆಯ ಅಂಚಿನಲ್ಲಿ ನೀರು ಕುಡಿಯುತ್ತಿರುವ ಗಂಡು ಜಿಂಕೆ ಇತ್ತು. ಅದರ ಹಿಂದೆ ಬಿದ್ದ ಮರ, ಮರದ ಸುತ್ತ ಎದೆಯೆತ್ತರದ ಹುಲ್ಲು. ಜಿಂಕೆ ಮುಗಿದಿತ್ತು. ಹುಲ್ಲಿನ ಮೇಲೆ ಕುಂಚ ಬಿಟ್ಟಳು. ಎಲ್ಲಾ ಕಡೆ ಉದ್ದುದ್ದ ಗೆರೆಗಳು ಬಂದವು. ಮರದ ಒಂದು ತುದಿಯ ಬಳಿ ಮಾತ್ರ ಗೆರೆಗಳು ಸುತ್ತುಸುತ್ತಾಗಿ, ಬಿಸಿಲಿಗೆ ಬೆಕ್ಕು ಮುದುಡಿ ಮಲಗಿದಂತೆ ಬಂದವು.

"ಇದಕ್ಕೇನು ತಲೆ ತಿರುಗಿತಾ?" ಎಂದು ಅಕ್ಕ ಕುಂಚವನ್ನೇ ಬೈದಳು. ಬಣ್ಣದ ಪದರವನ್ನು ಮರೆಮಾಡಿ, ಅಡಿಯ ಫೋಟೋವನ್ನು ಹಿಗ್ಗಿಸಿ, ಕಪ್ಪಾಗಿದ್ದ ಜಾಗಕ್ಕೆ ಸ್ವಲ್ಪ ಬೆಳಕು ಕೊಟ್ಟಳು. ಮೊದಲು ಬೇರಿನ ಹಾಗೆ ಕಂಡಿತು. ಮತ್ತಷ್ಟು ಬೆಳಕು ಕೊಟ್ಟಾಗ ಒದ್ದೆಯಾದ ಒಂದು ಮೂಗು ಕಂಡಿತು. ಆ ಪ್ರಾಣಿಯ ಕುತ್ತಿಗೆಯ ಅಡಿಯಲ್ಲಿ ಇನ್ನೊಂದು ಮೂಗು, ಗುಂಡಿಯಷ್ಟು ಪುಟ್ಟದು.

ಕರಡಿ. ಜೊತೆಗೆ ಮರಿ.

ಹನ್ನೆರಡು ಗಂಟೆಗೆ ಕಾಡಿನ ಗೇಟಿನಿಂದ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ಇವತ್ತು ಜಾಗ ಬದಲಾಯಿಸ್ತೀನಿ. ಕೆರೆ ಈಚೆ ಬೇಡ, ಆ ಬಿದ್ದ ಮರದ ಹಿಂದೇನೇ ಕೂತ್ಕೋತೀನಿ. ಜಿಂಕೆ ಮುಖ ಎದುರೆದುರೇ ಸಿಗುತ್ತೆ."

"ಕೂತ್ಕೋ ಗೂಬೆ, ಬೇರು ಬಿಡೋವರೆಗೂ ಕೂತ್ಕೋ" ಎಂದು ಅವಳು ನಕ್ಕಿದ್ದಳು. ಚಿಕ್ಕಂದಿನಿಂದ ಅಲುಗಾಡದೆ ಕೂರುವ ಅವನಿಗೆ ಮನೆಯಲ್ಲಿ ಗೂಬೆ ಎಂದೇ ಹೆಸರು.

ಈಗ ಅವನ ಮೊಬೈಲಿಗೆ ಮಾಡಿದಳು. ಕಾಡಿನೊಳಗೆ ಸಿಗ್ನಲ್ ಇರಲಿಲ್ಲ. ಗೇಟಿನ ಕೋಣೆಯ ಫೋನಿಗೆ ಮಾಡಿದಳು. ಎತ್ತಿದವರು ಗೇಟು ಕಾಯುವ ಹಿರಿಯರು.

"ಕರಡೀನಾ? ನೀವು ಅಲ್ಲಿ ಕೂತ್ಕೊಂಡು ಹೇಗೆ ನೋಡಿದ್ರಿ ತಾಯಿ?"

"ಫೋಟೋದಲ್ಲಿದೆ. ನಿನ್ನೆ ತೆಗೆದಿದ್ದು. ಮರಿ ಇದೆ, ಅಲ್ಲೇ ಮನೆ ಮಾಡ್ಕೊಂಡಿದೆ ಅನ್ಸುತ್ತೆ. ಕೆರೆ ಕಡೆಯಿಂದ ನೋಡಿದ್ರೆ ಬಿದ್ದ ಮರದ ಎಡ ತುದಿ. ನನ್ನ ತಮ್ಮ ಮರದ ಹಿಂದೇನೇ ಇದ್ದಾನೆ. ಯಾರನ್ನಾದ್ರೂ ಕಳಿಸಿ, ಬಲಗಡೆಯಿಂದ ಹೋಗೋಕೆ ಹೇಳಿ."

"ಎಡಕ್ಕೆ ಕರಡಿ, ಬಲಕ್ಕೆ ದಾರಿ. ಆಯ್ತು. ಕಾಡು ಕಾಯೋ ವಾಚರ್ ಇಲ್ಲೇ ಇದ್ದಾನೆ. ನಡೆದ್ರೆ ಮುಕ್ಕಾಲು ಗಂಟೆ."

ಫೋನಿನ ಆ ತುದಿಯಲ್ಲಿ ವಾಚರ್‌ನ ದನಿ ಕೇಳಿಸಿತು. "ಈಗ ತಾನೆ ಚಾ ಬಿಸಿ ಮಾಡ್ದೆ." ಹಿರಿಯರು ಏನೋ ಹೇಳಿದರು. "ಹಂಗಾದ್ರೆ ಬಂದೇ ಕುಡೀತೀನಿ ಬಿಡಿ" ಎಂದ ಅವನು. ಲೋಟ ಮೇಜಿನ ಮೇಲೆ ಕೂತ ಸದ್ದು, ಆಮೇಲೆ ಚಪ್ಪಲಿ ಸದ್ದು. ಮುಖ ನೋಡದ ಆ ಮನುಷ್ಯನಿಗೆ ಅಕ್ಕ ಮನಸ್ಸಿನಲ್ಲೇ ಕೈಮುಗಿದಳು.

ಅರ್ಧ ಗಂಟೆ ಹೇಗೆ ಕಳೆಯಿತೆಂದು ಕೇಳಬಾರದು. ಕುಳಿತರೆ ನಿಲ್ಲಬೇಕೆನ್ನಿಸಿತು, ನಿಂತರೆ ಕೂರಬೇಕೆನ್ನಿಸಿತು. ಅಷ್ಟರಲ್ಲಿ ಅಂಗಡಿಯ ಯಜಮಾನ ಮೆಟ್ಟಿಲು ಹತ್ತಿ ಬಂದ. ಅವನನ್ನು ಬೀದಿಯವರೆಲ್ಲ ಫ್ರೇಮಣ್ಣ ಎನ್ನುತ್ತಿದ್ದರು. ಕುತ್ತಿಗೆಯಲ್ಲಿ ಅಳತೆ ಟೇಪು, ರೆಪ್ಪೆಯ ಮೇಲೆಲ್ಲ ಮರದ ಪುಡಿ.

"ಹಲ್ಲಿನ ಡಾಕ್ಟರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ. ಅವರ ಕ್ಲಿನಿಕ್ ಗೋಡೆಗೆ ಹೇಳಿದ ಚಿತ್ರ... ಏನಾಯ್ತಕ್ಕಾ? ಮುಖ ಯಾಕೆ ಹಂಗಾಗಿದೆ?"

ಅವಳು ಹೇಳಿದಳು. ಅವನು ಕೆಳಗಿಳಿದು, ಅಂಗಡಿಯ ಶಟರ್ ಅರ್ಧ ಎಳೆದು, ಒಂದು ಚೊಂಬು ನೀರು ತಂದಿಟ್ಟ. ಎದುರಿನ ಸ್ಟೂಲಿನ ಮೇಲೆ ಕುಳಿತ.

"ಏನೂ ಆಗಲ್ಲ. ನಿಮ್ಮ ತಮ್ಮ ಕೂತ್ರೆ ಮರದ ಕೊರಡು. ಕರಡಿ ಬಂದ್ರೂ ಬೆನ್ನು ಉಜ್ಜಿಕೊಂಡು ಹೋಗುತ್ತೆ ಅಷ್ಟೇ."

ಅಕ್ಕ ನಗಲಿಲ್ಲ. ಅವಳ ಗಮನವನ್ನು ಬೇರೆಡೆಗೆ ಎಳೆಯಲೆಂದೋ ಏನೋ ಫ್ರೇಮಣ್ಣ ಪರದೆಯ ಕಡೆ ತಿರುಗಿದ. "ಚೆನ್ನಾಗಿ ಬಂದಿದೆ. ಡಾಕ್ಟರು ಹೇಳಿದ ಹಾಗೇ ತಿರುಗಿಸಿದ್ದೀರಿ. ಗೋಡೆಗೆ ಹಾಕಿದ್ರೆ ಜಿಂಕೆ ಕ್ಲಿನಿಕ್ ಬಾಗಿಲಿಗೆ ಬೆನ್ನು ಹಾಕಿ ರೂಮಿನೊಳಗೆ ನೋಡುತ್ತೆ."

ಅಕ್ಕ ಪರದೆಯತ್ತ ಬಗ್ಗಿದಳು.

ತಿರುಗಿಸಿದ್ದಳು. ಬೆಳಗ್ಗೆ ಕೆಲಸಕ್ಕೆ ಕುಳಿತ ಕೂಡಲೇ ಮಾಡಿದ ಮೊದಲ ಕೆಲಸ ಅದೇ. ಕನ್ನಡಿಯಲ್ಲಿ ಕಂಡಂತೆ ಚಿತ್ರವನ್ನು ಎಡದಿಂದ ಬಲಕ್ಕೆ ಹೊರಳಿಸುವುದು ಒಂದು ಬಟನ್ನಿನ ಮಾತು. ಗೋಡೆಗೆ ತಕ್ಕಂತೆ ನೂರಾರು ಚಿತ್ರಗಳನ್ನು ಹಾಗೆ ಹೊರಳಿಸಿದ್ದಳು. ಬೆಳಗ್ಗೆ ಜಡೆ ಹಾಕಿಕೊಂಡದ್ದು ಹೇಗೆ ನೆನಪಿರುವುದಿಲ್ಲವೋ ಹಾಗೆ ಅದೂ ನೆನಪಿರಲಿಲ್ಲ. ಬಣ್ಣದ ಪದರ ಸರಿಸಿ ಅವಳು ನೋಡಿದ್ದು ಹೊರಳಿದ ಫೋಟೋವನ್ನೇ.

ಕರಡಿ ಇದ್ದದ್ದು ಬಲ ತುದಿಯಲ್ಲಿ. ಒಬ್ಬ ಮನುಷ್ಯನನ್ನು ಅವಳೇ ಅದರ ಬಾಯಿಗೆ ಕಳಿಸಿದ್ದಳು.

ಫೋನಿನ ಅಂಕಿಗಳು ಬೆರಳಿಗೆ ಸಿಗಲಿಲ್ಲ. ಫ್ರೇಮಣ್ಣನೇ ಒತ್ತಿಕೊಟ್ಟ. ಅವಳು ಹೇಳಿದ್ದನ್ನು ಗೇಟಿನ ಹಿರಿಯರು ಪೂರ್ತಿ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

"ವಾಕಿಟಾಕಿ ಆಫ್ ಮಾಡಿರ್ತಾನೆ. ಪ್ರಾಣಿ ಹತ್ರ ಹೋಗುವಾಗ ಕರಕರ ಅನ್ನಬಾರದು ನೋಡಿ. ಆದ್ರೂ ಇರಿ."

ಅವರು ಕರೆಯುವುದು ಅವಳಿಗೆ ಕೇಳಿಸುತ್ತಿತ್ತು. "ಬಲಕ್ಕೆ ಹೋಗಬೇಡ. ಕೇಳಿಸ್ತಾ? ಬಲಕ್ಕೆ ಹೋಗಬೇಡ." ಉತ್ತರವಾಗಿ ಬರೀ ಬುಸ್ಸೆನ್ನುವ ಸದ್ದು. ಆಮೇಲೆ ಅವರು ಮತ್ತೆ ಫೋನಿಗೆ ಬಂದರು. "ಜೀಪು ಹೊರಗೆ ಹೋಗಿದೆ. ನನ್ನ ಬೈಕ್ ಇದೆ, ಹಾರ್ನ್ ಹೊಡೀತಾ ಹೋಗ್ತೀನಿ. ರಿಸೀವರ್ ಮೇಜಿನ ಮೇಲೆ ಹಾಗೇ ಇಡ್ತೀನಿ, ಕಟ್ ಮಾಡಲ್ಲ. ಬಂದ ತಕ್ಷಣ ಇದರಲ್ಲೇ ಹೇಳ್ತೀನಿ. ಆಯ್ತಾ ಮಗಳೇ?"

ಬೈಕಿನ ಸದ್ದು ದೂರವಾಯಿತು. ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. ಆ ತುದಿಯಲ್ಲಿ ಖಾಲಿ ಕೋಣೆ. ಫ್ಯಾನಿನ ಕಟಕಟ. ಒಂದು ನೊಣ ರಿಸೀವರಿನ ಹತ್ತಿರ ಬಂದು ಹೋಗುತ್ತಿತ್ತು. ಪರದೆಯ ಮೇಲೆ ಆ ಪುಟ್ಟ ಮೂಗು ಹಾಗೇ ಇತ್ತು. ಫ್ರೇಮಣ್ಣ ಪರದೆ ಆರಿಸಲು ಎದ್ದ.

"ಬೇಡ" ಎಂದಳು ಅಕ್ಕ. ಆರಿಸಿದರೆ ಅದು ಅಲ್ಲಿಂದ ಏಳುತ್ತದೆ ಎನ್ನುವಂಥ ಹುಚ್ಚು ಭಯ. "ನಾನು ನೋಡ್ತಾ ಇರೋವರೆಗೆ ಅದು ಮಲಗಿರಲಿ."

ಅವನು ತಿರುಗಿ ಕುಳಿತ. ತಮ್ಮನಿಗೇನೂ ಆಗದಿರಲಿ ಎಂದು ಬೇಡಿಕೊಳ್ಳಲು ಹೋದರೆ, ಆ ಇನ್ನೊಬ್ಬನಿಗೆ ಏನಾದರೂ ಆಗಲಿ ಎಂದು ಕೇಳಿದಂತಾಗುವುದೋ ಎಂದು ಹೆದರಿ ಅವಳು ಬೇಡಿಕೊಳ್ಳುವುದನ್ನೂ ಬಿಟ್ಟಳು.

ಮೂವತ್ತೈದು ನಿಮಿಷದ ಮೇಲೆ ಫೋನಿನೊಳಗೆ ಬೈಕಿನ ಸದ್ದು, ಕೂಗಾಟ, ಬಾಗಿಲು ಬಡಿದ ಸದ್ದು. ಯಾರೋ ರಿಸೀವರ್ ಎತ್ತಿದರು.

"ಅಕ್ಕಾ. ನನಗೇನೂ ಆಗಿಲ್ಲ."

ತಮ್ಮನೇ. ಆದರೆ "ನನಗೆ" ಎಂದನಲ್ಲ, ಅದು ಅವಳಿಗೆ ಚುಚ್ಚಿತು. "ಅವರಿಗೆ?"

"ಬಲಗಡೆಯಿಂದ ಬಂದ್ರು. ಬಾ ಬಾ ಅಂತ ಕೈ ಮಾಡ್ತಿದ್ರು, ನಾನು ಎದ್ದೆ. ಹುಲ್ಲೊಳಗಿಂದ ಒಂದೇ ಸಲ ಎದ್ದು ಬಂತಕ್ಕಾ... ಮುಖಕ್ಕೆ ಬೀಳೋದನ್ನ ಕೈ ಅಡ್ಡ ಕೊಟ್ಟು ತಡೆದ್ರು. ಅಷ್ಟರಲ್ಲಿ ಹಾರ್ನ್ ಕೇಳಿಸ್ತು, ಬಿಟ್ಟು ಮರಿ ಹತ್ರ ಓಡಿತು. ಜೀವಕ್ಕೇನಿಲ್ಲ. ಬೈಕಲ್ಲಿ ಮಧ್ಯೆ ಕೂರಿಸ್ಕೊಂಡು ಗೇಟಿಗೆ ತಂದ್ವಿ. ಆಂಬ್ಯುಲೆನ್ಸ್ ಬರ್ತಿದೆ. ಕೈ ಮಾತ್ರ..."

ಮರುದಿನ ಬೆಳಗ್ಗೆ ಆಸ್ಪತ್ರೆಯ ಮೆಟ್ಟಿಲ ಬಳಿ ಗೇಟಿನ ಹಿರಿಯರು ಅವಳಿಗಾಗಿ ಕಾದಿದ್ದರು. ಶರಟಿನ ತೋಳಿನ ಮೇಲೆ ಒಣಗಿದ ಕಲೆ.

"ಎಡ ಬಲದ ಮಾತು ನಾನು ಯಾರ ಹತ್ರಾನೂ ಆಡಿಲ್ಲ. ನನಗೇ ತಪ್ಪು ಕೇಳಿಸ್ತು ಅಂತ ರಿಪೋರ್ಟಲ್ಲಿ ಬರೀತೀನಿ. ನನಗಿನ್ನು ಎಷ್ಟು ದಿನದ ಕೆಲಸ? ನೀವು ಸುಮ್ಮನೆ ನೋಡ್ಕೊಂಡು ಬನ್ನಿ."

ಅಷ್ಟು ಒಳ್ಳೆಯ ಮಾತು ಅಷ್ಟು ಹೆದರಿಸಬಲ್ಲದು ಎಂದು ಅಕ್ಕನಿಗೆ ಗೊತ್ತಿರಲಿಲ್ಲ. ಅದಕ್ಕೆ ಹೂಂ ಎಂದುಬಿಡುವುದು ಅಷ್ಟು ಸುಲಭವಾಗಿತ್ತು. "ಬೇಡ, ಹಾಗೆ ಬರೀಬೇಡಿ" ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ.

ವಾರ್ಡಿನ ಕೊನೆಯ ಹಾಸಿಗೆ. ವಾಚರ್ ಅವಳು ಊಹಿಸಿದ್ದಕ್ಕಿಂತ ಸಣ್ಣ ಆಳು. ಭುಜದಿಂದ ಬೆರಳಿನವರೆಗೆ ಬ್ಯಾಂಡೇಜು. ಪಕ್ಕದ ಬೆಂಚಿನ ಮೇಲೆ ಅವನ ಹೆಂಡತಿ, ತೊಡೆಯ ಮೇಲೆ ಬಟ್ಟೆಯ ಚೀಲ.

ಅಕ್ಕ ಕುಳಿತುಕೊಳ್ಳದೆಯೇ ಎಲ್ಲ ಹೇಳಿದಳು. ಚಿತ್ರ ಹೊರಳಿಸಿದ್ದು, ಮರೆತದ್ದು, ಬಲಕ್ಕೆ ಎಂದದ್ದು ತಾನೇ ಎಂದು. ಒಮ್ಮೆ ನಿಲ್ಲಿಸಿದರೆ ಮತ್ತೆ ಶುರುಮಾಡಲಾಗದು ಎಂದು ಒಂದೇ ಉಸಿರಿಗೆ ಹೇಳಿದಳು.

"ನೀವು ಫೋನೇ ಮಾಡ್ದೆ ಇದ್ದಿದ್ರೆ ನಿಮ್ಮ ತಮ್ಮ ಅಲ್ಲೇ ಕೂತಿರ್ತಿದ್ರು" ಎಂದ ವಾಚರ್. ಆಮೇಲೆ, "ನಾನೂ ವಾಸನೆ ನೋಡ್ಬೇಕಿತ್ತು. ಬಲಗಡೆ ಏನಿಲ್ಲ ಅಂತ ಸರಸರ ಹೋಗ್ಬಿಟ್ಟೆ." ನೋವಿಗೆ ಕಣ್ಣು ಮುಚ್ಚಿಕೊಂಡ.

ಅವನು ಕ್ಷಮಿಸಿದನೋ ಇಲ್ಲವೋ ತಿಳಿಯಲಿಲ್ಲ. ಅಕ್ಕ ಹೆಂಡತಿಯ ಕಡೆ ನೋಡಲು ಧೈರ್ಯ ಮಾಡಿದಳು. ಆಕೆ ಇಷ್ಟು ಹೊತ್ತೂ ಇವಳ ಮುಖವನ್ನೇ ನೋಡುತ್ತಿದ್ದಳು.

"ಅವರು ಊಟ ಮಾಡೋ ಕೈ ಅದು" ಎಂದಳು ಆಕೆ. ಸಿಟ್ಟಿನಿಂದಲ್ಲ. ಒಂದು ಸಂಗತಿ ತಿಳಿಸುವಂತೆ. "ಬೆರಳು ಮಡಚೋಕಾಗುತ್ತೋ ಇಲ್ವೋ, ಡಾಕ್ಟರು ನಾಳೆ ಹೇಳ್ತಾರಂತೆ."

"ನಾಳೆ ನಾನೂ ಬರ್ತೀನಿ" ಎಂದಳು ಅಕ್ಕ, ನಿಂತಲ್ಲೇ.

ಆಕೆ ಬೆಂಚಿನ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದಳು.