ಮಹೆವಿಶಳ ಅಳತೆ

ವಾಡಿಯಲ್ಲಿ ರೈಲು ಹಳಿಯ ಆಚೆಗಿನ ಗಲ್ಲಿಯ ಮಕ್ಕಳಿಗೆ ನಮ್ಮ ಚರ್ಚಿನ ಸಭೆಯವರು ಸಂಜೆ ಪಾಠ ಹೇಳಿ ಊಟ ಹಾಕುತ್ತೇವೆ. ನನಗೆ ಹಗಲು ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಸಂಜೆ ಇದು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ, ಅದಕ್ಕೆ ಮಗಳು ಮೈತ್ರಿಯನ್ನೂ ಎಳೆದುಕೊಂಡೇ ಹೋಗುತ್ತೇನೆ.

ಹೈದರಾಬಾದಿನ ಸಭೆಯ ಹಿರಿಯರು ತಲೆಗೊಂದು ಮಗುವಿನ ಹೆಸರು ಹಿಡಿದು ದಿನಾ ಪ್ರಾರ್ಥಿಸುತ್ತಾರೆ, ಕ್ರಿಸ್‌ಮಸ್ಸಿಗೆ ಬಟ್ಟೆ ಕಳಿಸುತ್ತಾರೆ. ಗಲ್ಲಿಯ ಹುಡುಗಿ ಮಹೆವಿಶಳ ಹೆಸರು ಹಿಡಿದವರು ಮಾಣಿಕಮ್ಮ. ವಾಡಿಯಲ್ಲೇ ಹುಟ್ಟಿದವರು, ಈಗ ಎಪ್ಪತ್ತು ದಾಟಿದೆ. ಫ್ರಾಕು ಅವರೇ ಹೊಲಿಯುತ್ತಾರೆ. ಕೊರಳ ಹತ್ತಿರ ಕಸೂತಿಯ ಒಂದು ಹಸಿರು ಗಿಳಿ ಇರಲೇಬೇಕು. ಪ್ರತಿ ಅಕ್ಟೋಬರಿನಲ್ಲಿ ಹುಡುಗಿಯನ್ನು ಗೋಡೆಗೆ ನಿಲ್ಲಿಸಿ, ಅವಳ ಎತ್ತರದಷ್ಟು ದಾರ ಕತ್ತರಿಸಿ, ಪತ್ರದೊಳಗಿಟ್ಟು ಕಳಿಸುವುದು ನನ್ನ ಕೆಲಸ.

ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ಮಹೆವಿಶ ಬರುವುದು ನಿಂತಿತು. ಆಗ ಒಂಬತ್ತು ವರ್ಷ ಅವಳಿಗೆ, ಮೈತ್ರಿಯದೇ ವಯಸ್ಸು, ಅವಳದೇ ಎತ್ತರ. "ಮಾಮಾನ ಜೋಡಿ ಹೋಗ್ಯಾಳ್ರಿ" ಅಂದವು ಮಕ್ಕಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ದಾರ ಕಳಿಸುವ ಅಕ್ಟೋಬರ್ ಬಂದಾಗ ಪಾದ್ರಿ ಸುರೇಶಕುಮಾರ ಅಂದರು, "ಒಂದು ಹೆಸರು ತೆಗೆದ್ರ ಅಲ್ಲಿಯವ್ರು ನೂರು ಕೇಳ್ತಾರ, ಸಿಸ್ಟರ್. ಊಟಾನೇ ನಿಂತೀತು. ಬರ್ತಾಳ ಬಿಡ್ರಿ."

ಆ ಸಂಜೆ ಭಾಳ ದಣಿದಿದ್ದೆ. ಮೈತ್ರಿಯನ್ನು ಗೋಡೆಗೆ ನಿಲ್ಲಿಸಿ ದಾರ ಕತ್ತರಿಸಿದೆ.

ಫ್ರಾಕು ಮೈತ್ರಿಗೆ ಸರಿಯಾಗಿ ಕೂತಿತು. ಮಹೆವಿಶಳ ಹೆಸರಿನಲ್ಲಿ ನಾನೇ ವಂದನೆಯ ಪತ್ರ ಬರೆದೆ. ಮರುವರ್ಷವೂ ಅದೇ. 'ನಾಲ್ಕು ಬೆರಳು ಬೆಳೆದೀಯಲ್ಲವ್ವಾ!' ಎಂದು ಮಾಣಿಕಮ್ಮ ಬರೆದಿದ್ದರು. ಆಮೇಲೆ ಮೈತ್ರಿ ಆ ಫ್ರಾಕಿನಲ್ಲಿ ಬೆನ್ನು ತಿರುಗಿಸಿ ನಿಂತರೆ ಸಾಕು, ಮಹೆವಿಶಳೇ ಅನ್ನಿಸಿ, ಹೋಗಿ ಮುಖ ನೋಡಿಯೇ ಬರುತ್ತಿದ್ದೆ.

ಹೋದ ಭಾನುವಾರ ಮಹೆವಿಶಳ ಅಜ್ಜಿ ಸುಗರಾಬಿ ನಮ್ಮ ಪಾಠದ ಕೋಣೆಯ ಬಾಗಿಲಿಗೆ ಬಂದಳು. ಕಣ್ಣಿಗೆ ಪೊರೆ ಬಂದಿದೆ. ಹಾದುಹೋಗುತ್ತಿದ್ದ ಮೈತ್ರಿಯನ್ನು ಹಿಡಿದು ಕೊರಳ ಗಿಳಿಯ ಮೇಲೆ ಬೆರಳಾಡಿಸಿದಳು.

"ಮಹೆವಿಶ! ಯಾವಾಗ ಬಂದಿ ಬೇಟಾ?"

ಮಕ್ಕಳು ಹೋ ಎಂದು ನಕ್ಕವು. "ನಾನಿ, ಅಕಿ ಸಿಸ್ಟರ್ ಮಗಳು! ಚಷ್ಮಾ ಹಾಕ್ಕೊಂಡು ಬಾ!"

ಸುಗರಾಬಿ ಕೈ ಬಿಡಲಿಲ್ಲ. "ಗಿಳಿ ನಮ್ಮ ಹುಡುಗೀದೇ ಅದಲ್ಲ."

ಮೈತ್ರಿ ನನ್ನ ಕಡೆ ನೋಡಿದಳು. "ಮಮ್ಮಿ, ಇದು ನಂದಲ್ಲೇನು?"

ಅಜ್ಜಿಯನ್ನು ಕೂಡಿಸಿ, ಎರಡು ವರ್ಷದ ಹಿಂದೆ ಕೇಳಬೇಕಾದದ್ದನ್ನು ಆಗ ಕೇಳಿದೆ. "ಹುಡುಗಿ ಎಲ್ಲಿ ಅದಾಳ್ರಿ?"

"ಹೈದರಾಬಾದದಾಗ. ನನ್ನ ಮಗ ತಾಹಿರ್ ಕರ್ಕೊಂಡು ಹೋದ, ದೊಡ್ಡವ್ರ ಮನ್ಯಾಗ ಕೂಸು ಆಡಸ್ಲಿಕ್ಕ. ಸಾಲಿಗಿ ಹಾಕ್ತಾರ ಅಂದ. ಈಗ ಅಂವಂದೂ ಫೋನ್ ಹತ್ತವಲ್ದು." ಎಲೆಅಡಿಕೆಯ ಚೀಲದಿಂದ ಮಡಚಿದ ಚೀಟಿ ತೆಗೆದಳು. "ಪತ್ತಾ ಅದ. ನೀವು ಯಾರೂ ಕೇಳ್ಲಿಲ್ಲ, ಯಾರಿಗಿ ತೋರಸ್ಲಿ?"

ಟೋಲಿಚೌಕಿಯ ವಿಳಾಸ. ಮಾಣಿಕಮ್ಮ ಇರುವುದು ಮೆಹದಿಪಟ್ಟಣದಲ್ಲಿ. ಆಟೋ ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ಅವರು ದಿನಾ ಮೊಣಕಾಲೂರಿ ಹೆಸರು ಹೇಳುತ್ತಿದ್ದ ಹುಡುಗಿ ಅಷ್ಟು ಹತ್ತಿರದಲ್ಲಿದ್ದಳು.

ಅಲ್ಲೇ ನಿಂತಿದ್ದ ಪಾದ್ರಿ ಕಣ್ಣಲ್ಲೇ ಬೇಡವೆಂದರು. ನಾನು ಫೋನ್ ಮಾಡಿದೆ.

"ರಮಾಬಾಯಿ, ಈ ವರ್ಷದ ದಾರ ಕಳಿಸಿಲ್ಲಲ್ಲ?" ಅಂದರು ಮಾಣಿಕಮ್ಮ.

"ದಾರ ಇಲ್ರೀ ಅಮ್ಮಾ. ಹೋದ ಎರಡು ಸಲಾ ಕಳಿಸಿದ್ದು ನನ್ನ ಮಗಳ ಅಳತಿ. ಪತ್ರ ಬರದಾಕಿನೂ ನಾನೇ. ಮಹೆವಿಶಳ ಪತ್ತಾ ಹೇಳ್ತೀನಿ, ಬರ್ಕೊಳ್ರಿ."

ಆ ಕಡೆ ಪೆನ್ನು ಹುಡುಕುವ ಸದ್ದು ಕೇಳಿಸಿತು. ಆಮೇಲೆ, "ಹೇಳು" ಅಂದರು.

ಮರುದಿನ ಅವರೇ ಹೋಗಿದ್ದರು. ಆ ಮನೆಯವರು ಹೋದ ರಮಜಾನಿಗೇ ಖಾಲಿ ಮಾಡಿದ್ದಾರೆ, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ಮಾಣಿಕಮ್ಮ ಪೊಲೀಸರಿಗೆ ದೂರು ಕೊಟ್ಟಿದ್ದಾರೆ. ಮೊದಲ ಅಕ್ಟೋಬರಿನಲ್ಲೇ ನಾನು ನಿಜ ಬರೆದಿದ್ದರೆ ಹುಡುಗಿ ಆ ಮನೆಯಲ್ಲೇ ಸಿಗುತ್ತಿದ್ದಳು.

ಇವತ್ತು ಅಂಚೆಯಲ್ಲಿ ಅವರ ಲಕೋಟೆ ಬಂತು. ಬೈಗುಳ ಇರಲಿಲ್ಲ. ಆ ಮನೆಯ ವಾಚ್‌ಮನ್ನನಿಗೆ ಹುಡುಗಿಯ ನೆನಪಿತ್ತಂತೆ. ಸಂಜೆ ಗೇಟು ಹಿಡಿದು ನಿಲ್ಲುತ್ತಿದ್ದಳಂತೆ. ಅವಳ ತಲೆ ಎಲ್ಲಿಗೆ ಬರುತ್ತಿತ್ತು ಎಂದು ಅವನು ಗೇಟಿನ ಮೇಲೆ ಕೈಯಿಟ್ಟು ತೋರಿಸಿದ. ಮಾಣಿಕಮ್ಮ ನೆಲದಿಂದ ಅಲ್ಲಿಯವರೆಗೆ ದಾರ ಹಿಡಿದು, ಕತ್ತರಿಸಿ, ನನಗೆ ಕಳಿಸಿದ್ದಾರೆ.

ಮಲಗಿದ್ದ ಮೈತ್ರಿಯ ಪಕ್ಕ ಆ ದಾರ ಚಾಚಿ ನೋಡಿದೆ. ಹಿಮ್ಮಡಿಯಿಂದ ಹಿಡಿದರೆ ಕಿವಿಯವರೆಗೂ ಬರಲಿಲ್ಲ.